ಯಾವುದಕ್ಕೆ ಹೋಲಿಸಿ ಹೇಳುತ್ತೀರಿ?

(ಚಿಕ್ಕಮಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮನೋವಿಜ್ಞಾನದ ಮೂಲ ಸಿದ್ಧಾಂತಗಳು ಮತ್ತು ಸಂಶೋಧನಾ ವಿಧಾನಗಳ ಬಗ್ಗೆ, ಮೊದಲ ಬಾರಿಗೆ ಈ ವಿಷಯ ಓದುವವರಿಗೂ ತಿಳಿಯುವ ಹಾಗೆ ಮಾತಾಡಬೇಕೆಂದು ವ್ಯವಸ್ಥಾಪಕರು ಕೇಳಿದ್ದಾರೆ. ಪಠ್ಯಪುಸ್ತಕದಲ್ಲಿ ಸಿದ್ಧಾಂತಗಳಿಗೆ ಒಂದು ಅಧ್ಯಾಯ, ವಿಧಾನಗಳಿಗೆ ಇನ್ನೊಂದು ಅಧ್ಯಾಯ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಸಿದ್ಧಾಂತಿಗಳ ಹೆಸರು ನೆನಪಿರುತ್ತದೆ, ವಿಧಾನ ಮರೆತುಹೋಗಿರುತ್ತದೆ. ಇವತ್ತು ನಾನು ಎರಡನ್ನೂ ಒಂದೇ ಪ್ರಶ್ನೆಗೆ ಕಟ್ಟಿ ಹೇಳುತ್ತೇನೆ. ಮನುಷ್ಯರ ಬಗ್ಗೆ ಯಾರು ಏನೇ ಹೇಳಲಿ, ನಾವು ಕೇಳಬೇಕಾದ ಪ್ರಶ್ನೆ: ಯಾವುದಕ್ಕೆ ಹೋಲಿಸಿ ಹೇಳುತ್ತೀರಿ?

"ಈಗಿನ ಹುಡುಗರಿಗೆ ತಾಳ್ಮೆಯೇ ಇಲ್ಲ." "ಅಸ್ಸಾಮಿನವರು ಬಂದ ಮೇಲೆ ತೋಟದ ಕೆಲಸ ಚುರುಕಾಯಿತು." "ಮಳೆಗಾಲ ಜಾಸ್ತಿಯಾದರೆ ಮನಸ್ಸು ಮಂಕಾಗುತ್ತದೆ." ಇಂಥ ಮಾತುಗಳನ್ನು ನಾವು ಹೋಟೆಲಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಲೇ ಇರುತ್ತೇವೆ. ಇವೆಲ್ಲ ಮನೋವಿಜ್ಞಾನದ ಹೇಳಿಕೆಗಳೇ. ಯಾವ ಕಾಲದ ಹುಡುಗರಿಗೆ ಹೋಲಿಸಿ? ಯಾವ ತೋಟಕ್ಕೆ, ಯಾವ ವರ್ಷದ ಫಸಲಿಗೆ ಹೋಲಿಸಿ? ಮಳೆ ಕಡಿಮೆ ಬೀಳುವ ಕಡೂರಿನವರ ಮನಸ್ಸು ಅದೇ ತಿಂಗಳಲ್ಲಿ ಹೇಗಿತ್ತು? ಇಷ್ಟು ಕೇಳಿದ ಕೂಡಲೇ ಅರ್ಧ ಮಾತುಗಳು ಬಿದ್ದುಹೋಗುತ್ತವೆ. ಉಳಿದ ಅರ್ಧದಿಂದ ಸಂಶೋಧನೆ ಶುರುವಾಗುತ್ತದೆ.

ಪ್ರಯೋಗದ ತಾಕು, ಮೈಸೂರಿನ ಪ್ರಯೋಗಾಲಯ

ಈ ಪ್ರಶ್ನೆ ಕೇಳುವುದನ್ನು ನಮ್ಮ ಜಿಲ್ಲೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ, ಮೈಸೂರು ಸರ್ಕಾರದ ಕಾಲದಲ್ಲಿ. ಹೊಸ ಗೊಬ್ಬರವೊಂದು ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಇಡೀ ತೋಟಕ್ಕೆ ಹಾಕಿ ಫಸಲು ನೋಡಿದರೆ ಸಾಲದು. ಫಸಲು ಹೆಚ್ಚಿದ್ದು ಗೊಬ್ಬರದಿಂದಲೋ, ಹೂಮಳೆ ಸಕಾಲಕ್ಕೆ ಬಿದ್ದದ್ದರಿಂದಲೋ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ತಾಕಿಗೆ ಹಾಕಿ, ಅದೇ ಇಳಿಜಾರಿನ, ಅದೇ ವಯಸ್ಸಿನ ಗಿಡಗಳಿರುವ ಇನ್ನೊಂದು ತಾಕನ್ನು ಹಾಗೇ ಬಿಡಬೇಕು. ಯಾವ ತಾಕಿಗೆ ಹಾಕುವುದೆಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ತೀರ್ಮಾನಿಸಬೇಕು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ ಈ ಬಗೆಯ ಲೆಕ್ಕಾಚಾರದ ಪುಸ್ತಕವನ್ನು ಪ್ರಕಟಿಸಿದ್ದು ಕೂಡ ಅದೇ 1925ರಲ್ಲಿ. ಮುಂದೆ ಮನೋವಿಜ್ಞಾನಿಗಳು ಅದನ್ನು ಎತ್ತಿಕೊಂಡರು. ಇವತ್ತು ನೀವು ಪ್ರಾಯೋಗಿಕ ಗುಂಪು, ನಿಯಂತ್ರಿತ ಗುಂಪು ಎಂದು ಬರೆಯುವುದರ ಹಿಂದಿನ ಲೆಕ್ಕದ ಬಹುಪಾಲು ಹೊಲದ ತಾಕುಗಳಿಂದ ಬಂದದ್ದು.

ಮನೋವಿಜ್ಞಾನದ ಹುಟ್ಟನ್ನು ಸಾಮಾನ್ಯವಾಗಿ 1879ಕ್ಕೆ ಇಡುತ್ತಾರೆ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದ ವರ್ಷ. ನಮ್ಮ ದೇಶದಲ್ಲಿ ಮೊದಲ ವಿಭಾಗ 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಬಂತು. ಎಂಟು ವರ್ಷದ ನಂತರ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದವರು. ಕನ್ನಡಿಗರಿಗೆ ಅವರ ಹೆಸರು ಬೇರೊಂದು ಕಾರಣಕ್ಕೆ ಹೆಚ್ಚು ಪರಿಚಿತ: 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ಬಾನುಲಿಯನ್ನು ನಡೆಸಿದವರು ಅವರೇ. ಹೀಗಾಗಿ ಕನ್ನಡ ನಾಡಿನಲ್ಲಿ ಈ ವಿಷಯಕ್ಕೆ ನೂರು ವರ್ಷದ ಇತಿಹಾಸವಿದೆ. ಇದನ್ನು ನಿನ್ನೆ ಮೊನ್ನೆ ಬಂದ ಆಮದು ಸರಕೆಂದು ತಿಳಿಯಬೇಕಾಗಿಲ್ಲ.

ಕೊಯ್ಲಿನ ಸಾಲಿನಲ್ಲಿ ಸಿದ್ಧಾಂತಗಳು

ಸಿದ್ಧಾಂತ ಎಂದರೇನು? ಒಂದೇ ಘಟನೆಯನ್ನು ನೋಡಿ ಯಾವ ಪ್ರಶ್ನೆ ಕೇಳಬೇಕೆಂದು ಹೇಳಿಕೊಡುವ ಚೌಕಟ್ಟು. ಅದಕ್ಕೆ ಡಿಸೆಂಬರ್ ತಿಂಗಳ ಅರೇಬಿಕಾ ಕೊಯ್ಲನ್ನೇ ತೆಗೆದುಕೊಳ್ಳೋಣ.

ಸೊಂಟಕ್ಕೆ ಚೀಲ ಕಟ್ಟಿಕೊಂಡ ಹೆಂಗಸರು ಸಾಲು ಹಿಡಿದು ಹೋಗುತ್ತಿದ್ದಾರೆ. ಎಡಗೈ ಕೊಂಬೆಯನ್ನು ಬಾಗಿಸಿ ಹಿಡಿದಿದೆ. ಬಲಗೈ ಗೊಂಚಲಿನಿಂದ ಕೆಂಪು ಹಣ್ಣನ್ನಷ್ಟೇ ಬಿಡಿಸುತ್ತದೆ, ಹಸಿರು ಕಾಯಿ ಗಿಡದಲ್ಲೇ ಉಳಿಯುತ್ತದೆ. ಕಣ್ಣು ಆಗಲೇ ಮುಂದಿನ ಗೊಂಚಲಿನ ಮೇಲಿದೆ. ಸಂಜೆ ತೂಕ. ತೋಟದ ಲೆಕ್ಕ ಬರೆಯುವ ರೈಟರು ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ಮೇಲೆತ್ತಿ ನೋಡುತ್ತಾರೆ. ಮೇಲೆ ಕೆಂಪು ಹಣ್ಣು, ಕೆಳಗೆ ಹಸಿರು ಕಾಯಿ ತುಂಬಿರುವ ಚೀಲಗಳು ಅವರಿಗೆ ಹೊಸತಲ್ಲ. ಆಮೇಲೆ ಪುಸ್ತಕದಲ್ಲಿ ಹೆಸರಿನ ಮುಂದೆ ಕೆ.ಜಿ. ಬರೆಯುತ್ತಾರೆ.

ವರ್ತನಾವಾದಿ ಇಲ್ಲಿ ಮೊದಲು ನೋಡುವುದು ಕೂಲಿಯ ಲೆಕ್ಕವನ್ನು. ದಿನಗೂಲಿಯೋ, ಕೆ.ಜಿ. ಲೆಕ್ಕವೋ? ಬಿ. ಎಫ್. ಸ್ಕಿನ್ನರ್ ತೋರಿಸಿದ್ದು ಇದನ್ನೇ: ಯಾವ ವರ್ತನೆಯ ಬೆನ್ನಿಗೆ ಫಲ ಸಿಗುತ್ತದೋ ಆ ವರ್ತನೆ ಹೆಚ್ಚುತ್ತದೆ, ಮತ್ತು ಫಲ ಯಾವ ಲೆಕ್ಕದಲ್ಲಿ ಸಿಗುತ್ತದೆ ಎಂಬುದರ ಮೇಲೆ ಕೆಲಸದ ವೇಗ ನಿಂತಿರುತ್ತದೆ. ಇಷ್ಟು ಕೆಲಸಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ವೇಗ ಹೆಚ್ಚು. ಆದರೆ ತೂಕಕ್ಕೆ ದುಡ್ಡು ಕೊಟ್ಟರೆ ಹೆಚ್ಚುವುದು ತೂಕ. ಹಣ್ಣಿನ ಗುಣಕ್ಕೆ ದುಡ್ಡು ಕೊಟ್ಟಿಲ್ಲವಲ್ಲ. ರೈಟರು ಚೀಲದ ತಳಕ್ಕೆ ಕೈ ಹಾಕುವ ಅಗತ್ಯ ಬಂದದ್ದೇ ಅದಕ್ಕೆ. ಬೆಲೆ ಬಂದ ವರ್ಷ ಮಾಲೀಕರು, ತಿರುಳು ತೆಗೆದು ಒಣಗಿಸುವ ಪಾರ್ಚ್‌ಮೆಂಟ್‌ಗೆ ಹಣ್ಣು ಮಾತ್ರ ಬೇಕು ಎನ್ನುತ್ತಾರೆ, ಕೂಲಿ ಮಾತ್ರ ತೂಕದ ಮೇಲೆಯೇ ಇರುತ್ತದೆ. ಸ್ಕಿನ್ನರ್ ಇದ್ದಿದ್ದರೆ ಆಳುಗಳನ್ನು ಬೈಯುವ ಮೊದಲು ಆ ಪುಸ್ತಕದ ಲೆಕ್ಕ ನೋಡಿ ಎನ್ನುತ್ತಿದ್ದರು.

ಅರಿವಿನ ಮನೋವಿಜ್ಞಾನಿ ಒಪ್ಪುತ್ತಾನೆ, ಆದರೆ ಇನ್ನೊಂದು ವಿಷಯ ಎತ್ತುತ್ತಾನೆ. ಒಬ್ಬಾಕೆ ಮಧ್ಯಾಹ್ನದೊಳಗೆ ತನ್ನ ಮನಸ್ಸಿನ ಲೆಕ್ಕದಷ್ಟು ಕೊಯ್ದು, ಇನ್ನೂ ಕೊಯ್ದರೆ ದುಡ್ಡು ಸಿಗುತ್ತದೆಂದು ಗೊತ್ತಿದ್ದೂ, ಸೌದೆ ತರಲು ಹೋಗಿಬಿಡುತ್ತಾಳೆ. ಫಲ ಹೆಚ್ಚಿದಂತೆ ಕೆಲಸ ಹೆಚ್ಚಬೇಕೆಂಬ ನಿಯಮಕ್ಕೆ ಇದು ಸಿಗುವುದಿಲ್ಲ. ಅವಳ ತಲೆಯಲ್ಲೊಂದು ಗುರಿ ಇದೆ, ದಿನದ ಯೋಜನೆ ಇದೆ, ಹೊರಗಿನಿಂದ ಕಾಣದ ಆ ಲೆಕ್ಕವನ್ನೂ ಅಧ್ಯಯನ ಮಾಡಬೇಕು ಎನ್ನುತ್ತಾನೆ.

ಸಾಮಾಜಿಕ ಮನೋವಿಜ್ಞಾನಿಯ ಕಣ್ಣು ಸಾಲಿನ ಮೇಲಿರುತ್ತದೆ. ಪಕ್ಕದಲ್ಲಿ ಚುರುಕಿನವಳಿದ್ದರೆ ಇವಳ ಕೈಯೂ ಚುರುಕಾಗುತ್ತದೆಯೇ? 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಸೈಕಲ್ ಪಂದ್ಯಗಳ ದಾಖಲೆ ನೋಡಿ, ಆಮೇಲೆ ಮಕ್ಕಳಿಂದ ಗಾಳದ ರಾಟೆ ತಿರುಗಿಸಿ ಕೇಳಿದ ಪ್ರಶ್ನೆ ಇದೇ. ಇದರ ಇನ್ನೊಂದು ಮುಖವೂ ಉಂಟು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಸಿ ನೋಡಿದಾಗ, ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗಿತ್ತು. ಹತ್ತು ಜನರ ಹಣ್ಣನ್ನು ಒಟ್ಟಿಗೆ ತೂಗಿ ಹಂಚಿದರೆ ಏನಾಗುತ್ತದೆ ಎಂಬುದು ಮೇಸ್ತ್ರಿಗಳಿಗೆ ರಿಂಗಲ್‌ಮನ್ ಹೇಳದೆಯೂ ಗೊತ್ತು.

ಮನೋವಿಶ್ಲೇಷಣೆಯ ಫ್ರಾಯ್ಡ್ ಪಂಥದವರು, ಈಕೆಗೆ ಆ ಒಬ್ಬ ರೈಟರನ್ನು ಕಂಡರೆ ಅಷ್ಟು ಸಿಟ್ಟು ಏಕೆ, ಅದು ಬಾಲ್ಯದ ಯಾವ ಸಿಟ್ಟು ಎಂದು ಕೇಳುತ್ತಾರೆ. ಕುತೂಹಲದ ಪ್ರಶ್ನೆಯೇ. ಕಷ್ಟ ಏನೆಂದರೆ, ಅವಳು ಸಿಟ್ಟು ತೋರಿಸಿದರೂ ಸಿದ್ಧಾಂತ ಸರಿ, ಅತಿವಿನಯ ತೋರಿಸಿದರೂ ಸಿಟ್ಟನ್ನು ಅದುಮಿಟ್ಟಿದ್ದಾಳೆ ಎಂದು ಸಿದ್ಧಾಂತ ಸರಿ. ಏನಾದರೆ ಅದು ತಪ್ಪಾಗುತ್ತದೆ ಎಂದು ಮೊದಲೇ ಹೇಳಲಾಗದ ಸಿದ್ಧಾಂತವನ್ನು ಹೋಲಿಸಿ ನೋಡುವುದು ಹೇಗೆ? ಮಾನವತಾವಾದಿಗಳು ಕೂಲಿಯ ಆಚೆಗೆ ಮರ್ಯಾದೆ, ಸ್ವಂತಿಕೆಗಳ ಮಾತು ಎತ್ತುತ್ತಾರೆ. ಜೈವಿಕ ದೃಷ್ಟಿಯವರು ಚಳಿ, ಹಸಿವು, ನಿದ್ದೆಗಳ ಲೆಕ್ಕ ಕೇಳುತ್ತಾರೆ. ಇವರಲ್ಲಿ ಯಾರು ಸರಿ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಯಾರ ಪ್ರಶ್ನೆಯನ್ನು ಎರಡು ಗುಂಪು ಮಾಡಿ ಪರೀಕ್ಷಿಸಬಹುದೋ ಅವರ ಮಾತನ್ನು ಮುಂದುವರಿಸಬಹುದು. ಉಳಿದದ್ದು ಸದ್ಯಕ್ಕೆ ಅಭಿಪ್ರಾಯ.

ಕಾಫಿಯ ಮೇಲೇ ನಡೆದ ಪ್ರಯೋಗ

ಪ್ರಯೋಗ ಎಂದರೇನೆಂದು ಕಾಫಿ ನಾಡಿನಲ್ಲಿ ವಿವರಿಸಲು ಕೆಫೀನಿನ ಕಥೆಗಿಂತ ಒಳ್ಳೆಯದು ಸಿಗದು. 1911ರಲ್ಲಿ ಅಮೆರಿಕದ ಸರ್ಕಾರ ಕೋಕಾ ಕೋಲಾ ಕಂಪನಿಯನ್ನು ಕೋರ್ಟಿಗೆ ಎಳೆದಿತ್ತು, ಪಾನೀಯದಲ್ಲಿರುವ ಕೆಫೀನ್ ಹಾನಿಕರ ಎಂಬುದು ಆರೋಪ. ಮನುಷ್ಯರ ಮನಸ್ಸಿನ ಮೇಲೆ ಕೆಫೀನಿನ ಪರಿಣಾಮ ಏನೆಂದು ಹೇಳಲು ಕಂಪನಿಯ ಬಳಿ ಪುರಾವೆ ಇರಲಿಲ್ಲ. ಹ್ಯಾರಿ ಹಾಲಿಂಗ್‌ವರ್ತ್ ಎಂಬ ಯುವ ಮನೋವಿಜ್ಞಾನಿ ಆ ಕೆಲಸ ಒಪ್ಪಿಕೊಂಡ. ಆದರೆ ಎರಡು ಷರತ್ತು ಹಾಕಿದ: ಫಲಿತಾಂಶ ಏನೇ ಬರಲಿ ತಾನು ಪ್ರಕಟಿಸುತ್ತೇನೆ, ಮತ್ತು ಕಂಪನಿ ಅದನ್ನು ಜಾಹೀರಾತಿಗೆ ಬಳಸಕೂಡದು.

ನ್ಯೂಯಾರ್ಕಿನ ಒಂದು ಮನೆಯಲ್ಲಿ 16 ಜನರ ಮೇಲೆ 40 ದಿನ ಪ್ರಯೋಗ ನಡೆಯಿತು. ಪತ್ನಿ ಲೀಟಾ ಹಾಲಿಂಗ್‌ವರ್ತ್ ದಿನನಿತ್ಯದ ಪರೀಕ್ಷೆಗಳ ಉಸ್ತುವಾರಿ ನೋಡಿಕೊಂಡರು. ಕೆಲವು ದಿನ ಮಾತ್ರೆಯಲ್ಲಿ ಕೆಫೀನ್, ಕೆಲವು ದಿನ ಬರೀ ಹಾಲಿನ ಸಕ್ಕರೆ. ಯಾವ ದಿನ ಯಾವುದು ಎಂಬುದು ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷೆ ಮಾಡುವವರಿಗೂ ಗೊತ್ತಿಲ್ಲ. ಇಬ್ಬರ ಕಣ್ಣನ್ನೂ ಕಟ್ಟಿದ್ದು ಏಕೆ ಎಂದು ಯೋಚಿಸಿ. ನಮ್ಮಲ್ಲಿ ಅನೇಕರಿಗೆ ಬೆಳಿಗ್ಗೆ ಫಿಲ್ಟರಿನ ಪರಿಮಳ ಮೂಗಿಗೆ ಬಡಿದ ಕೂಡಲೇ, ಒಂದು ಗುಟುಕು ಒಳಗೆ ಹೋಗುವ ಮೊದಲೇ ಎಚ್ಚರ ಬರುತ್ತದೆ. ಅದು ಕೆಫೀನಿನ ಕೆಲಸವಲ್ಲ, ಪ್ಯಾವ್‌ಲಾವ್ ನಾಯಿಗಳಲ್ಲಿ ತೋರಿಸಿದ, ಒಂದು ಸೂಚನೆಗೆ ದೇಹ ಮೊದಲೇ ಸ್ಪಂದಿಸಲು ಕಲಿಯುವ ಅನುಬಂಧನ. ಇವತ್ತು ಕೆಫೀನ್ ಕೊಟ್ಟಿದ್ದಾರೆ ಎಂದು ಗೊತ್ತಾದರೆ ನಿರೀಕ್ಷೆಯೇ ಕೈಯನ್ನು ಚುರುಕು ಮಾಡೀತು. ಗಡಿಯಾರ ಹಿಡಿದವನಿಗೆ ಗೊತ್ತಾದರೆ ಅವನ ಹೆಬ್ಬೆರಳೂ ಸ್ವಲ್ಪ ಪಕ್ಷಪಾತ ಮಾಡೀತು. ಫಲಿತಾಂಶ: ಮಿತ ಪ್ರಮಾಣದಲ್ಲಿ ಕೆಫೀನಿನಿಂದ ಕೆಲಸದ ಚುರುಕಿಗೆ ಹಾನಿ ಕಾಣಲಿಲ್ಲ, ಪ್ರಮಾಣ ಹೆಚ್ಚಾದಾಗ ನಿದ್ದೆ ಕೆಟ್ಟಿತು. 1912ರಲ್ಲಿ ಅದು ಪುಸ್ತಕವಾಗಿ ಬಂತು. ನೂರು ವರ್ಷದ ನಂತರವೂ ಈ ಪ್ರಯೋಗವನ್ನು ಪಾಠ ಹೇಳುವುದು ಅದರ ಉತ್ತರಕ್ಕಿಂತ ಅದರ ಕಟ್ಟುನಿಟ್ಟಿಗೆ.

ಇದೇ ಕಟ್ಟುನಿಟ್ಟು ಇಲ್ಲದ ಕಡೆ, ಎರಡು ಸಂಗತಿಗಳು ಜೊತೆಜೊತೆಗೆ ಏರಿಳಿಯುವ ಸಹಸಂಬಂಧ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಶಾಲೆಯ ಹಾಜರಿ ಕುಸಿಯಿತು, ಅದೇ ತಿಂಗಳುಗಳಲ್ಲಿ ಮಕ್ಕಳಿಗೆ ಶೀತ ಕೆಮ್ಮು ಹೆಚ್ಚಿತು ಎಂದುಕೊಳ್ಳಿ. ಕೆಮ್ಮಿನಿಂದಲೇ ಹಾಜರಿ ಕುಸಿಯಿತು ಎಂದು ವರದಿ ಬರೆದು ಮುಗಿಸಬಹುದು. ಎರಡಕ್ಕೂ ಹಿಂದೆ ಡಿಸೆಂಬರ್ ಇದೆ: ಚಳಿಯೂ ಅದರದ್ದೇ, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಅಕ್ಕ ತೋಟದ ಕೂಲಿಗಳ ಲೈನ್ ಮನೆಯಲ್ಲಿ ಉಳಿಯುವುದೂ ಅದರದ್ದೇ. ಕೆಮ್ಮಿನ ಔಷಧಿ ಹಂಚಿದರೆ ಆ ಅಕ್ಕ ಶಾಲೆಗೆ ಬರುವುದಿಲ್ಲ.

ಧಾರವಾಡದ ಅಳತೆಗೋಲು

ಹೋಲಿಸಬೇಕಾದರೆ ಅಳೆಯಬೇಕು. ಬುದ್ಧಿಯನ್ನು ಅಳೆಯುವ ಮೊದಲ ಉಪಯುಕ್ತ ಪರೀಕ್ಷೆಯನ್ನು 1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೋನ್ ರೂಪಿಸಿದರು. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅವರ ಉದ್ದೇಶವಾಗಿತ್ತು. ಅದನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕನ್ನಡ ಮಕ್ಕಳ ಉತ್ತರಗಳಿಂದ ಕಟ್ಟಿದ ಅಳತೆಗೋಲು ಇಷ್ಟು ಕಾಲ, ಇಷ್ಟು ದೂರ ನಡೆದದ್ದು ಹೆಮ್ಮೆಯ ಮಾತು.

ಲೆಕ್ಕ ಸರಳ. 10 ವರ್ಷದ ಹುಡುಗಿ 8 ವರ್ಷದವರು ಸಾಮಾನ್ಯವಾಗಿ ಮಾಡುವಷ್ಟು ಮಾಡಿದರೆ ಎಂಟನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿ, 80 ಎನ್ನುತ್ತಾರೆ. ಈ 80 ಅವಳ ತಲೆಯೊಳಗೆ ಕೂತಿರುವ ವಸ್ತುವಲ್ಲ, ಅದು ಒಂದು ಹೋಲಿಕೆ. ಯಾರ ಜೊತೆ? ಧಾರವಾಡದ ಕಡೆ 1930ರ ದಶಕದಲ್ಲಿದ್ದ ಮಕ್ಕಳ ಜೊತೆ. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದಂತೆ, ಅನೇಕ ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಂಥ ಅಂಕಗಳು ಏರುತ್ತ ಬಂದಿವೆ. ಅಮೆರಿಕದಲ್ಲಿ ದಶಕಕ್ಕೆ ಸುಮಾರು 3 ಅಂಕ. ಹಳೆಯ ಮಾನಕಕ್ಕೆ ಹೋಲಿಸಿದರೆ ಇಂದಿನ ಮಗುವಿಗೆ ಅಂಕ ಹೆಚ್ಚು ಬರುತ್ತದೆ. ಅದು ಸಂತೋಷದ ಸುದ್ದಿಯಾಗಿ ಕಂಡರೂ, ನೆರವು ಬೇಕಾದ ಮಗು ನೆರವಿನ ಪಟ್ಟಿಯಿಂದ ಹೊರಗುಳಿಯುವ ಅಪಾಯ ಅದರಲ್ಲಿದೆ. ಲೈನ್ ಮನೆಯ ಲಂಬಾಣಿ ಅಥವಾ ತಮಿಳು ಮಾತಿನ ಮಗುವನ್ನು ಕನ್ನಡದಲ್ಲಿ ಪರೀಕ್ಷಿಸಿದರೆ ತೊಂದರೆ ತಿರುಗುಮುರುಗಾಗುತ್ತದೆ. ನಾವು ಅಳೆದದ್ದು ಬುದ್ಧಿಯನ್ನೋ, ಕನ್ನಡವನ್ನೋ? ನಾಳೆ ಮತ್ತೆ ಅಳೆದರೂ ಅದೇ ಅಂಕ ಬರುವುದು ವಿಶ್ವಾಸಾರ್ಹತೆ. ಅಳೆಯಬೇಕಾದದ್ದನ್ನೇ ಅಳೆದಿದ್ದೇವೆಯೇ ಎಂಬುದು ಸಿಂಧುತ್ವ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇರುತ್ತದೆ ಎಂದಲ್ಲ.

ಲೈನ್ ಮನೆಯ ಅಂಗಳದ ಸಮೀಕ್ಷೆ

ಪ್ರಶ್ನಾವಳಿ ಎಲ್ಲರಿಗೂ ಸುಲಭವೆನಿಸುವ ವಿಧಾನ. ಪ್ರಾಜೆಕ್ಟಿಗೆಂದು ಹೊರಟ ವಿದ್ಯಾರ್ಥಿ ಬೆಳಿಗ್ಗೆ ಹನ್ನೊಂದಕ್ಕೆ ಲೈನ್ ಮನೆಗಳ ಅಂಗಳದಲ್ಲಿ ನಿಲ್ಲುತ್ತಾನೆ. ದಾರಿ ತೋರಿಸಲು ರೈಟರೂ ಬಂದಿದ್ದಾರೆ. "ಕೆಲಸದಲ್ಲಿ ನಿಮಗೆ ಸಮಾಧಾನ ಇದೆಯಾ ಅಮ್ಮಾ?" ಆಕೆ ಒಮ್ಮೆ ರೈಟರ ಮುಖ ನೋಡುತ್ತಾಳೆ. "ಏನೂ ತೊಂದರೆ ಇಲ್ಲ ಸ್ವಾಮಿ. ಸಾಹುಕಾರ್ರು ಚೆನ್ನಾಗಿ ನೋಡ್ಕೊಂಡಿದಾರೆ." ವಿದ್ಯಾರ್ಥಿ 'ಪೂರ್ಣ ತೃಪ್ತಿ' ಎಂಬ ಚೌಕಕ್ಕೆ ಗುರುತು ಹಾಕುತ್ತಾನೆ.

ಅವನ ಹಾಳೆಯಲ್ಲಿ ದಾಖಲಾದದ್ದು ತೃಪ್ತಿಯಲ್ಲ, ರೈಟರ ಹಾಜರಿ. ಜೊತೆಗೆ ಹನ್ನೊಂದು ಗಂಟೆಗೆ ಲೈನ್ ಮನೆಯಲ್ಲಿ ಸಿಗುವವರು ಮುದುಕರು, ಬಾಣಂತಿಯರು, ಜ್ವರ ಬಂದವರು. ಕೆಲಸದವರೆಲ್ಲ ತೋಟದಲ್ಲಿದ್ದಾರೆ. ಕೊಯ್ಲಿಗೆಂದು ಬರುವ ಹೊರರಾಜ್ಯದವರು ಜೂನ್ ತಿಂಗಳ ಸಮೀಕ್ಷೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪರಿಹಾರ ಕಷ್ಟವಲ್ಲ. ಮನೆಗಳ ಪಟ್ಟಿ ಮಾಡಿ ಚೀಟಿ ಎತ್ತಿ ಆರಿಸುವುದು, ಸಂಜೆ ಹೋಗುವುದು, ಅವರ ಮಾತು ಬಲ್ಲವರನ್ನು ಕರೆದೊಯ್ಯುವುದು. ಜಾಣ ವಿದ್ಯಾರ್ಥಿಯಾದರೆ ಅರ್ಧ ಮನೆಗಳಿಗೆ ರೈಟರ ಜೊತೆ, ಅರ್ಧ ಮನೆಗಳಿಗೆ ಒಬ್ಬನೇ ಹೋಗಿ ಉತ್ತರಗಳನ್ನು ಪಕ್ಕಪಕ್ಕ ಇಡುತ್ತಾನೆ. ಆಗ ಅವನ ಸಮೀಕ್ಷೆಯೇ ಒಂದು ಪ್ರಯೋಗವಾಗುತ್ತದೆ.

ದೊಡ್ಡ ಸಮೀಕ್ಷೆಗಳಿಗೂ ಇದೇ ಪ್ರಶ್ನೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬಹಳ ಎಚ್ಚರದಿಂದ ಮಾಡಿದ ಕೆಲಸ ಅದು. ಆದರೆ ಸಮೀಕ್ಷೆಗೆ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಮೊದಲ ಪೂರ್ವಪರೀಕ್ಷೆ ಕೋಲಾರದಲ್ಲಿ ನಡೆದಿತ್ತು, ಅಷ್ಟೇ. ಹಾಗಾಗಿ ಆ 10.6ನ್ನು ತಂದು ಕಳಸದ ಜನಸಂಖ್ಯೆಗೆ ಗುಣಿಸಿ ಭಾಷಣ ಮಾಡುವವರನ್ನು ಕಂಡರೆ ನೀವು ಕೈ ಎತ್ತಬೇಕು.

ಗುಡ್ಡ ಕುಸಿದಾಗ ಹುಟ್ಟುವ ಸುದ್ದಿ

ಈಗ ನಮ್ಮ ಗುಡ್ಡಗಳಿಗೆ ಹತ್ತಿರದ ಒಂದು ಅಧ್ಯಯನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭೀಕರ ಭೂಕಂಪವಾಯಿತು. ಪಾಟ್ನಾದಲ್ಲಿದ್ದ ಮನೋವಿಜ್ಞಾನಿ ಜಮುನಾ ಪ್ರಸಾದ್ ಅದರ ಬೆನ್ನಿಗೇ ಜನರ ಬಾಯಲ್ಲಿ ಓಡಾಡುತ್ತಿದ್ದ ವದಂತಿಗಳನ್ನು ಬರೆದಿಟ್ಟುಕೊಂಡರು. ಚಂದ್ರಗ್ರಹಣದ ದಿನ ಇದಕ್ಕಿಂತ ದೊಡ್ಡ ಭೂಕಂಪ ಆಗುತ್ತದಂತೆ, ಇಂಥ ದಿನ ಪ್ರಳಯವಂತೆ, ಹೀಗೆ. 1935ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಅದು ಅಚ್ಚಾಯಿತು. ಹದಿನೈದಕ್ಕೂ ಹೆಚ್ಚು ವರ್ಷಗಳ ನಂತರ ಅಮೆರಿಕದ ಲಿಯಾನ್ ಫೆಸ್ಟಿಂಜರ್ ಆ ಲೇಖನ ಓದಿ ತಲೆ ಕೆರೆದುಕೊಂಡ. ಜನ ನೆಮ್ಮದಿ ಬಯಸುತ್ತಾರೆ ಎನ್ನುತ್ತೇವೆ. ಒಂದು ಗಂಡಾಂತರದಿಂದ ಪಾರಾದವರು ಅದಕ್ಕಿಂತ ದೊಡ್ಡ ಗಂಡಾಂತರದ ಸುದ್ದಿಯನ್ನು ಏಕೆ ಹಬ್ಬಿಸಬೇಕು, ಏಕೆ ನಂಬಬೇಕು?

ಫೆಸ್ಟಿಂಜರ್ ಗಮನಿಸಿದ್ದು ಇದು: ವದಂತಿ ಹಬ್ಬಿದ್ದು ನೆಲ ಜೋರಾಗಿ ನಡುಗಿದರೂ ತಮ್ಮ ಕಣ್ಣೆದುರು ಅಂಥ ಹಾನಿ ಕಾಣದವರ ನಡುವೆ. ಎದೆ ಹೊಡೆದುಕೊಳ್ಳುತ್ತಿದೆ, ಸುತ್ತ ನೋಡಿದರೆ ಎಲ್ಲ ಇದ್ದ ಹಾಗೇ ಇದೆ. ಭಯಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗುತ್ತಿಲ್ಲ. ದೊಡ್ಡ ಅನಾಹುತ ಬರಲಿದೆ ಎಂಬ ಸುದ್ದಿ ಆ ಭಯಕ್ಕೊಂದು ಕಾರಣ ಒದಗಿಸುತ್ತದೆ. ಹಾಗಿದ್ದರೆ ಸುದ್ದಿ ಭಯ ಹುಟ್ಟಿಸಲಿಲ್ಲ, ಮೊದಲೇ ಇದ್ದ ಭಯವೇ ತನಗೆ ತಕ್ಕ ಸುದ್ದಿಯನ್ನು ಹುಡುಕಿಕೊಂಡಿತು. 1957ರಲ್ಲಿ ಪ್ರಕಟವಾದ ಅರಿವಿನ ವಿಸಂಗತಿ ಸಿದ್ಧಾಂತದ ಬೀಜ ಇಲ್ಲಿದೆ. ಜಗತ್ತಿನ ಬಹುತೇಕ ಎಲ್ಲ ಪ್ರಾರಂಭಿಕ ಪಠ್ಯಗಳಲ್ಲೂ ಇರುವ ಸಿದ್ಧಾಂತವೊಂದು ಬಿಹಾರದ ವದಂತಿಗಳಿಂದ ಹುಟ್ಟಿತು ಎಂಬುದನ್ನು ನಮ್ಮ ಪಠ್ಯಗಳು ಹೇಳುವುದು ಕಡಿಮೆ.

ಚೆಂದದ ವಿವರಣೆ. ಆದರೆ ಯಾವುದಕ್ಕೆ ಹೋಲಿಸಿ? ಫೆಸ್ಟಿಂಜರ್ ಅದನ್ನೂ ಹುಡುಕಿದ. 1950ರಲ್ಲಿ ಡಾರ್ಜಿಲಿಂಗ್‌ನ ಚಹಾ ಗುಡ್ಡಗಳಲ್ಲಿ ಭಾರಿ ಭೂಕುಸಿತವಾಗಿತ್ತು. ಅಲ್ಲಿನ ಸುದ್ದಿ ಮತ್ತು ವದಂತಿಗಳನ್ನು ದುರ್ಗಾನಂದ ಸಿನ್ಹಾ ಸಂಗ್ರಹಿಸಿ 1952ರಲ್ಲಿ ಪ್ರಕಟಿಸಿದ್ದರು. ಅಲ್ಲಿಯ ಜನ ಕುಸಿದ ಮನೆಗಳನ್ನೂ ಸತ್ತವರನ್ನೂ ಕಣ್ಣಾರೆ ಕಂಡವರು. ಆದದ್ದನ್ನು ಅವರೂ ಸ್ವಲ್ಪ ಹಿಗ್ಗಿಸಿ ಹೇಳುತ್ತಿದ್ದರು, ಆದರೆ ಮುಂದೆ ಇನ್ನೂ ದೊಡ್ಡದು ಬರಲಿದೆ ಎಂಬ ಬಗೆಯ ವದಂತಿ ಸಿನ್ಹಾ ಅವರ ಸಂಗ್ರಹದಲ್ಲಿ ಕಾಣಲಿಲ್ಲ. ಭಯಕ್ಕೆ ಬೇಕಾದಷ್ಟು ಕಾರಣ ಎದುರಿಗೇ ಬಿದ್ದಿತ್ತು, ಹೊಸದನ್ನು ಹುಡುಕುವ ಅಗತ್ಯವಿರಲಿಲ್ಲ.

ಇದು ಪೂರ್ಣ ಪುರಾವೆಯೇ? ಅಲ್ಲ. ಒಂದು ಕಡೆ ಭೂಕಂಪ, ಇನ್ನೊಂದು ಕಡೆ ಮಳೆ. ಒಂದು ಬಯಲು, ಒಂದು ಗುಡ್ಡ. ಸಂಗ್ರಹಿಸಿದವರು ಬೇರೆ, ಕಾಲ ಬೇರೆ. ಚೀಟಿ ಎತ್ತಿ ಯಾರನ್ನೂ ಭೂಕಂಪಕ್ಕೋ ಭೂಕುಸಿತಕ್ಕೋ ಹಾಕಲಾಗುವುದಿಲ್ಲವಾದ್ದರಿಂದ ಇಂಥ ಸಹಜ ಹೋಲಿಕೆಗಳಲ್ಲಿ ಈ ಸಂಶಯ ಉಳಿದೇ ಇರುತ್ತದೆ. ಅದಕ್ಕೇ ಫೆಸ್ಟಿಂಜರ್ ಮತ್ತು ಕಾರ್ಲ್‌ಸ್ಮಿತ್ 1959ರಲ್ಲಿ ಪ್ರಯೋಗಾಲಯಕ್ಕೆ ಹೋದರು. ತೀರಾ ಬೇಸರದ ಕೆಲಸವೊಂದನ್ನು ವಿದ್ಯಾರ್ಥಿಗಳಿಂದ ಮಾಡಿಸಿ, ಅದು ಸೊಗಸಾಗಿದೆಯೆಂದು ಮುಂದಿನವರಿಗೆ ಸುಳ್ಳು ಹೇಳಿಸಿದರು. 20 ಜನರಿಗೆ 1 ಡಾಲರ್, 20 ಜನರಿಗೆ 20 ಡಾಲರ್, ಇನ್ನು 20 ಜನ ಸುಳ್ಳನ್ನೇ ಹೇಳಲಿಲ್ಲ. ಕೆಲಸ ಹಿಡಿಸಿತೇ ಎಂದು ಆಮೇಲೆ ಕೇಳಿದಾಗ ಸುಳ್ಳು ಹೇಳದವರ ಸರಾಸರಿ −0.45, 20 ಡಾಲರಿನವರದ್ದು −0.05, ಒಂದೇ ಡಾಲರ್ ಪಡೆದವರದ್ದು +1.35. ಸುಳ್ಳಿಗೆ ಸಾಕಷ್ಟು ದುಡ್ಡಿನ ಕಾರಣ ಇಲ್ಲದವರು ಮನಸ್ಸನ್ನೇ ಬದಲಿಸಿಕೊಂಡಿದ್ದರು.

ಈಗ ನಮ್ಮ ಊರಿಗೆ ಬನ್ನಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಜಾರಿ ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿ ಬಂದ್ ಆಯಿತು. ಅಲ್ಲಿನವರು ಹಾನಿಯನ್ನು ಕಂಡವರು. 2022ರ ಜೂನ್, ಜುಲೈ ತಿಂಗಳಲ್ಲಿ ಪಕ್ಕದ ಕೊಡಗಿನ ಚೆಂಬು, ಸಂಪಾಜೆಯ ಸುತ್ತ ಮತ್ತು ಸುಳ್ಯದ ಕಡೆ ನೆಲ ಸಣ್ಣಗೆ ಮತ್ತೆ ಮತ್ತೆ ನಡುಗಿತು. ಅಲ್ಲಿ ನಡುಕ ಅನುಭವಕ್ಕೆ ಬಂತು, ಹಾನಿ ಅಷ್ಟಾಗಿ ಆಗಲಿಲ್ಲ. ಫೆಸ್ಟಿಂಜರ್ ಎರಡು ದೂರದ ಊರುಗಳಿಂದ ಜೋಡಿಸಿಕೊಂಡ ಹೋಲಿಕೆ ನಮಗೆ ಒಂದೇ ಮಲೆನಾಡಿನಲ್ಲಿ, ಮೂರು ವರ್ಷದ ಅಂತರದಲ್ಲಿ ಸಿಗುತ್ತದೆ. ಪ್ರಸಾದ್ ಅವರಿಗೆ ಇಲ್ಲದ ಒಂದು ಅನುಕೂಲವೂ ನಮಗಿದೆ: ವಾಟ್ಸಾಪಿನಲ್ಲಿ ಹರಿದಾಡಿದ ಪ್ರತಿ ಸಂದೇಶಕ್ಕೂ ದಿನಾಂಕ, ಗಂಟೆ, ನಿಮಿಷ ಅಂಟಿಕೊಂಡಿದೆ.

ಈಗ ಹೋಗಿ ಕೇಳಿದರೆ ಆಗದೇ ಎನ್ನಬಹುದು. ನೆನಪಿನ ಗುಣ ಬೇರೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ತುಣುಕೊಂದನ್ನು ತೋರಿಸಿ, 50 ಜನರಿಗೆ ಕಾರುಗಳು "ಅಪ್ಪಳಿಸಿದಾಗ" ವೇಗವೆಷ್ಟಿತ್ತು ಎಂದೂ, ಇನ್ನು 50 ಜನರಿಗೆ "ತಾಗಿದಾಗ" ಎಷ್ಟಿತ್ತು ಎಂದೂ ಕೇಳಿದರು. ಉಳಿದ 50 ಜನರಿಗೆ ವೇಗದ ಪ್ರಶ್ನೆಯೇ ಇಲ್ಲ. ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದು ಎಲ್ಲರನ್ನೂ ಕೇಳಿದರೆ ಹೌದು ಎಂದವರು ಕ್ರಮವಾಗಿ 16, 7 ಮತ್ತು 6. ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ. ನಾವು ಈಗ ಕೇಳುವ ಪ್ರಶ್ನೆ 2019ರ ನೆನಪನ್ನು ತಿದ್ದಿಬಿಡಬಹುದು. ಅದಕ್ಕೇ ಅಂದಂದಿನ ದಾಖಲೆ ಬೇಕು.

ಎಚ್ಚರದ ಎರಡು ಮಾತು

ಮೊದಲನೆಯದು, ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ಸ್ಥಿರವಲ್ಲ. ಮನೋವಿಜ್ಞಾನದ 100 ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದವು. ಮೂಲದಲ್ಲಿ 97ರಷ್ಟು ಅಧ್ಯಯನಗಳು ಪರಿಣಾಮ ಇದೆ ಎಂದಿದ್ದವು, ಮರುಪ್ರಯೋಗದಲ್ಲಿ ಶೇ. 36ರಷ್ಟಕ್ಕೆ ಮಾತ್ರ ಅದು ಮತ್ತೆ ಸಿಕ್ಕಿತು. ಅರಿವಿನ ವಿಸಂಗತಿಯೂ ಪಾರಾಗಲಿಲ್ಲ. 2024ರಲ್ಲಿ ಪ್ರಕಟವಾದ 39 ಪ್ರಯೋಗಾಲಯಗಳ ಜಂಟಿ ಅಧ್ಯಯನದಲ್ಲಿ, ತಮ್ಮ ನಿಲುವಿಗೆ ವಿರುದ್ಧವಾದ ಪ್ರಬಂಧವನ್ನು ಸ್ವಂತ ಇಚ್ಛೆಯಿಂದ ಬರೆದವರಿಗೂ ಒತ್ತಾಯಕ್ಕೆ ಬರೆದವರಿಗೂ ಸಿದ್ಧಾಂತ ಹೇಳಿದ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಇನ್ನೊಂದು ಕೊರತೆ ತೋರಿಸಿದ್ದರು: ಮನುಷ್ಯ ಸ್ವಭಾವ ಎಂದು ಬರೆದದ್ದರಲ್ಲಿ ಬಹುಪಾಲು ಪಾಶ್ಚಾತ್ಯ ದೇಶಗಳ ಓದಿದ, ಉಳ್ಳ ವರ್ಗದ ಜನರ ಮೇಲೆ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ ನೋಡಿದ್ದು. ಇದನ್ನು ಕೇಳಿ ಮನೋವಿಜ್ಞಾನವೇ ಪೊಳ್ಳು ಎಂದು ಕೈ ಬಿಡಬೇಕಾಗಿಲ್ಲ. ತನ್ನ ತಪ್ಪನ್ನು ತಾನೇ ಎಣಿಸಿ ಅಚ್ಚು ಹಾಕಿದ್ದು ಅದೇ ವಿಜ್ಞಾನ.

ಎರಡನೆಯದು, ಹೋಲಿಕೆಯ ಹಟದಲ್ಲಿ ಮನುಷ್ಯರನ್ನು ತಾಕುಗಳೆಂದು ತಿಳಿಯಬಾರದು. ಗೊಬ್ಬರ ಹಾಕದೆ ಬಿಟ್ಟ ಗಿಡ ದೂರುವುದಿಲ್ಲ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಹಸುಗೂಸೊಂದಕ್ಕೆ ಬಿಳಿ ಇಲಿಯ ಭಯ ಕಲಿಸಿದರು, ಆ ಭಯವನ್ನು ಬಿಡಿಸದೆ ಕಳಿಸಿದರು. ಇವತ್ತು ಅದಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ನಮ್ಮ ಲೈನ್ ಮನೆಗಳಲ್ಲಿ ಒಪ್ಪಿಗೆ ಎಂಬುದು ಇನ್ನೂ ಸೂಕ್ಷ್ಮ. ಸಾಹುಕಾರರು ಹೇಳಿದರು ಎಂದು ಬೆರಳೊತ್ತಿದವರು ಒಪ್ಪಿದವರಲ್ಲ. ಬೇಡ ಎಂದರೂ ಕೂಲಿಗೆ, ಮನೆಗೆ ಕುತ್ತು ಬರುವುದಿಲ್ಲ ಎಂಬ ಭರವಸೆ ಅವರ ಮಾತಿನಲ್ಲಿ, ರೈಟರಿಲ್ಲದ ಹೊತ್ತಿನಲ್ಲಿ ಸಿಗಬೇಕು. ಮಣ್ಣಿನಡಿ ಮನೆ ಕಳೆದುಕೊಂಡವರ ಬಳಿ ಹೋಗುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಮ್ಮ ಪ್ರಶ್ನೆ ಅವರ ದುಃಖವನ್ನು ಕೆದಕಿದರೆ ಅಲ್ಲಿಗೆ ನಿಲ್ಲಿಸಿ, ಅವರನ್ನು ಚಿಕಿತ್ಸೆ ಸಿಗುವಲ್ಲಿಗೆ ಮುಟ್ಟಿಸುವುದು ಮೊದಲ ಕೆಲಸ.

ಒಂದು ಬೇಡಿಕೆ

ದತ್ತಿದಾನಿಗಳ ಕುಟುಂಬಕ್ಕೂ ಅಧ್ಯಾಪಕರಿಗೂ ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ಈ ದತ್ತಿಯ ಬಡ್ಡಿಯಲ್ಲಿ ಪ್ರತಿ ವರ್ಷ ಒಂದು ಉಪನ್ಯಾಸದ ಜೊತೆ ಒಂದು ವಿದ್ಯಾರ್ಥಿ ಅಧ್ಯಯನಕ್ಕೂ ಪಾಲು ಇರಲಿ. ಮೊದಲ ಕೆಲಸವಾಗಿ, ಬರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕಳಸ, ಕಡೂರು, ಈ ಮೂರು ಕಡೆ ವಿದ್ಯಾರ್ಥಿಗಳು ಮಳೆಗಾಲದ ವದಂತಿಗಳನ್ನು ದಾಖಲಿಸಲಿ. ಸುದ್ದಿ ಏನು, ಯಾವ ದಿನ ಕೇಳಿಬಂತು, ಹೇಳಿದವರು ಹಾನಿಯನ್ನು ಕಣ್ಣಾರೆ ಕಂಡಿದ್ದರೇ, ಅದು ಆದದ್ದರ ಬಗ್ಗೆಯೋ ಆಗಲಿರುವುದರ ಬಗ್ಗೆಯೋ. ಯಾರ ಹೆಸರೂ ಬೇಡ. ಫೆಸ್ಟಿಂಜರ್ ಸರಿಯಿದ್ದರೆ ಏನು ಕಾಣಬೇಕು, ತಪ್ಪಿದ್ದರೆ ಏನು ಕಾಣಬೇಕು ಎಂಬುದನ್ನು ಮಳೆ ಹಿಡಿಯುವ ಮೊದಲೇ ಬರೆದು, ಮೊಹರು ಮಾಡಿ, ಪ್ರಾಂಶುಪಾಲರ ಕೈಗೆ ಕೊಡಿ. ಕಡೂರನ್ನು ಏಕೆ ಸೇರಿಸಿದೆ ಎಂದು ಯಾರೂ ಕೇಳುವುದಿಲ್ಲವೆಂದು ನಂಬಿದ್ದೇನೆ.

ಹಣ ಹೆಚ್ಚು ಬೇಕಾಗುವುದಿಲ್ಲ. ನೋಟ್‌ಬುಕ್ಕು, ಬಸ್ ಚಾರ್ಜು, ಒಂದಿಬ್ಬರು ಅಧ್ಯಾಪಕರ ಭಾನುವಾರಗಳು ಸಾಕು. ಉತ್ತರ ಫೆಸ್ಟಿಂಜರ್ ಕಡೆ ಬಂದರೂ ಸರಿ, ವಿರುದ್ಧ ಬಂದರೂ ಸರಿ, ಎರಡನ್ನೂ ಪ್ರಕಟಿಸುತ್ತೇವೆಂದು ಹಾಲಿಂಗ್‌ವರ್ತ್ ಹಾಕಿದ ಷರತ್ತನ್ನು ಈ ದತ್ತಿಯೂ ಮೊದಲ ದಿನವೇ ಬರೆದಿಡಲಿ.